ತಂದೆಯ ಅನಾರೋಗ್ಯದ ನಿಮಿತ್ತ

ನಮ್ಮ ಮುಳಬಾಗಿಲು ತಾಲ್ಲೂಕಿನಲ್ಲಿ ಫ್ಲೆಕ್ಸ್ ಕಟ್ಟದೆ ಯಾವ ಶುಭಕಾರ್ಯವೂ ಮುಗಿಯುವುದಿಲ್ಲ. ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಪಂಚಾಯಿತಿ ಗೆದ್ದಿದ್ದಕ್ಕೆ ಫ್ಲೆಕ್ಸ್, ಮಾಲೆ ಹಾಕಿಕೊಂಡು ಬೆಟ್ಟಕ್ಕೆ ಹೊರಟಿದ್ದಕ್ಕೆ ಫ್ಲೆಕ್ಸ್. ಚುನಾವಣೆಯಲ್ಲಿ ಸೋತವರು ಕೂಡ ಕೈಮುಗಿದು ನಿಂತು, ಮತ ಹಾಕಿದವರಿಗೆಲ್ಲ ವಂದನೆ ಹೇಳಿ ಒಂದು ಹಾಕಿಸುತ್ತಾರೆ. ಆದರೆ ಊರು ಬಿಟ್ಟು ದೊಡ್ಡ ಕೆಲಸಕ್ಕೆಂದು ಹೋದವರು ಆ ಕೆಲಸ ಕೈಗೂಡದೆ ವಾಪಸ್ ಬಂದರೆ ಏನು ಬರೆಸಬೇಕು ಎನ್ನುವುದಕ್ಕೆ ಮಾತ್ರ ಇನ್ನೂ ಒಂದು ಮಾದರಿ ಹುಟ್ಟಿಲ್ಲ. ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ನೂರಾರು ನಮೂನೆಗಳಿವೆ, ಅದೊಂದಿಲ್ಲ. ಇದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ನಾನೇ ಹೇಳುತ್ತೇನೆ.

ನಾನು ಬೈರಕೂರಿನ ಪಕ್ಕದ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇಡೀ ಊರು ಕ್ಯಾನು ಹಿಡಿದು ನನ್ನೆದುರು ಸಾಲುಗಟ್ಟಿ ನಿಲ್ಲುತ್ತದೆ. ಒಬ್ಬೊಬ್ಬರ ಹಾಲಿನಿಂದಲೂ ಒಂದಿಷ್ಟು ತೆಗೆದು ಮಿಷನ್ನಿಗೆ ಇಟ್ಟು, ಫ್ಯಾಟು ಎಷ್ಟು ಬಂತು ಎಂದು ಜೋರಾಗಿ ಓದಿ, ಕಡಿಮೆ ಬಂದವರ ಹಾಲನ್ನು ಎಲ್ಲರೆದುರೇ ವಾಪಸ್ ಕೊಡುವುದು ನನ್ನ ಕೆಲಸ. ಇಂಥ ಕೆಲಸ ವರ್ಷಾನುಗಟ್ಟಲೆ ಮಾಡಿದ ಮನುಷ್ಯನಿಗೆ, ಜಗತ್ತಿನಲ್ಲಿರುವವರೆಲ್ಲ ನೀರು ಬೆರೆಸುವವರು, ತಾನೊಬ್ಬನೇ ಗಟ್ಟಿ ಹಾಲು ಎಂಬ ಭಾವನೆ ತನ್ನಷ್ಟಕ್ಕೆ ಬಂದುಬಿಡುತ್ತದೆ. ನನಗೂ ಬಂದಿತ್ತು. ನನ್ನ ಕೈಯಲ್ಲಿ ಅತಿ ಹೆಚ್ಚು ಸಲ ಹಾಲು ವಾಪಸ್ ತೆಗೆದುಕೊಂಡು ಹೋದ ದಾಖಲೆ ನಮ್ಮೂರ ಮುನಿವೆಂಕಟಪ್ಪಣ್ಣನದು. ಎಪ್ಪತ್ತರ ಮುದುಕ, ಎರಡು ಹಸುವಿನ ಒಡೆಯ. "ಮುನಿವೆಂಕಟಪ್ಪಣ್ಣ, ಇದು ಆಗಲ್ಲ" ಎಂದರೆ ಎದುರು ಮಾತಾಡುವುದಿಲ್ಲ. "ಹಸು ನೀರು ಜಾಸ್ತಿ ಕುಡೀತು ಸಾರ್" ಎಂದು ಹೇಳಿ ಕ್ಯಾನು ಎತ್ತಿಕೊಂಡು ನಡೆಯುತ್ತಾನೆ. ಸಂಜೆ ಏನೂ ಆಗಿಲ್ಲವೆಂಬಂತೆ ಮತ್ತೆ ಸಾಲಿನಲ್ಲಿ ನಿಂತಿರುತ್ತಾನೆ.

ನನಗಿರುವುದು ಒಬ್ಬಳೇ ಮಗಳು, ಲಾವಣ್ಯ. ಪಿಯುಸಿಯನ್ನು ಮುಳಬಾಗಿಲಿನಲ್ಲಿ ಓದಿ, ಒಳ್ಳೆಯ ಅಂಕ ತೆಗೆದು, ದೇಶಕ್ಕೆಲ್ಲ ಒಂದೇ ಎನ್ನುವ ಆ ಪ್ರವೇಶ ಪರೀಕ್ಷೆಯನ್ನೂ ಬರೆದು, ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿಗೆ ಸೀಟು ಪಡೆದಳು. ರೈಲಿನಲ್ಲಿ ಎರಡು ರಾತ್ರಿಯ ದಾರಿ. ನಮ್ಮ ವಂಶದಲ್ಲಿ ಅದಕ್ಕೆ ಮುಂಚೆ ಅತಿ ದೂರ ಹೋದವರೆಂದರೆ ಮಾಲೂರಿಗೆ ಮದುವೆಯಾಗಿ ಹೋದ ನಮ್ಮ ಅಕ್ಕ. ಆಕೆಯೇ ಹೋದ ಮೂರನೆಯ ದಿನಕ್ಕೆ ಅತ್ತುಕೊಂಡು ಬಂದಿದ್ದಳು. ಇನ್ನು ಹಿಂದಿ ಸೀಮೆಗೆ ಹೆಣ್ಣುಮಗಳನ್ನು ಕಳಿಸುವ ಮಾತಿಗೆ ನನ್ನ ಹೆಂಡತಿ ನಾಗರತ್ನ, "ಕೋಲಾರದಲ್ಲಿ ಕಾಲೇಜು ಮುಚ್ಚಿಬಿಟ್ರಾ?" ಎಂದು ಕೇಳಿದಳು. ನಾನು ಆಕೆಯನ್ನು ಸುಮ್ಮನಾಗಿಸಿದೆ. ಮಗಳು ಹೋಗಲೋ ಬೇಡವೋ ಎಂದು ಒಂದು ವಾರ ಅನುಮಾನಿಸಿದಳು ಎಂಬುದು ನನಗೆ ಈಗ ಚೆನ್ನಾಗಿ ಜ್ಞಾಪಕಕ್ಕೆ ಬರುತ್ತದೆ. ಆಗ ಅದು ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಆ ವಾರ ನಾನು ಫ್ಲೆಕ್ಸಿನ ಕೆಲಸದಲ್ಲಿದ್ದೆ.

ಹೌದು, ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಬಸ್ ನಿಲ್ಲುವ ಅರಳಿಕಟ್ಟೆಯ ಪಕ್ಕದಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತು. 'ನಮ್ಮೂರ ಹೆಮ್ಮೆಯ ಕುವರಿ ಲಾವಣ್ಯಳಿಗೆ ಹಾರ್ದಿಕ ಅಭಿನಂದನೆಗಳು. ಇಂತಿ, ಗ್ರಾಮಸ್ಥರು.' ಆ ಗ್ರಾಮಸ್ಥರು ಎಂದರೆ ನಾನೊಬ್ಬನೇ. ಮುಳಬಾಗಿಲಿಗೆ ಹೋಗಿ ಬರೆಸಿದ್ದು ನಾನು, ಬಣ್ಣ ಆರಿಸಿದ್ದು ನಾನು. ಊರವರೇ ಸೇರಿ ಹಾಕಿದರು ಎಂದು ಮನೆಯಲ್ಲಿ ಹೇಳಿದ್ದೂ ನಾನೇ. ಫೋಟೊ ಕೂಡ ನನ್ನ ಫೋನಿನದೇ. ಒಂದು ದಿನ ಕೊಟ್ಟಿಗೆಯ ಮುಂದೆ ಕರು ಅವಳ ಮೊಣಕೈ ನೆಕ್ಕಿದಾಗ ಅವಳು ನಕ್ಕ ನಗು ನನಗೆ ಬಹಳ ಇಷ್ಟ. ಅಂಗಡಿಯವನು ಕರುವನ್ನು ಕತ್ತರಿಸಿ ತೆಗೆದ. ಆದರೆ ಒಂದು ಕಿವಿ ಉಳಿದುಬಿಟ್ಟಿತು. ಮಗಳ ತೋಳಿನ ಪಕ್ಕದಲ್ಲಿರುವ ಆ ಕಂದು ಬಣ್ಣದ್ದು ಏನೆಂದು ಊರಿನ ಹಲವರು ನನ್ನನ್ನು ಕೇಳಿದರು, ನಾನು ಡಿಸೈನ್ ಎಂದೆ.

ಒಂದು ವರ್ಷ ದಿನಾ ಸಂಜೆ ಫೋನು. "ಚೆನ್ನಾಗಿದೀನಪ್ಪ." "ಊಟ ಆಯ್ತಪ್ಪ." "ಓದ್ತಿದೀನಪ್ಪ." ಅಮ್ಮನೊಂದಿಗೆ ಮಾತ್ರ ಮುದ್ದೆ, ಬಸ್ಸಾರಿನ ಮಾತು ಸ್ವಲ್ಪ ಉದ್ದ ಹೋಗುತ್ತಿತ್ತು. ನನ್ನ ಸರದಿ ಬಂದಾಗ ಮೂರು ವಾಕ್ಯಕ್ಕೆ ಮುಗಿಯುತ್ತಿತ್ತು. ಮಗಳು ದೊಡ್ಡವಳಾದಳು, ಗಂಭೀರಳಾದಳು ಎಂದು ನಾನು ಸಂತೋಷಪಟ್ಟೆ. ಹಾಲಿನ ಫ್ಯಾಟನ್ನು ಅರ್ಧ ನಿಮಿಷದಲ್ಲಿ ಕಂಡುಹಿಡಿಯುವವನಿಗೆ ಮಗಳ ದನಿ ತೆಳ್ಳಗಾಗಿದ್ದು ಒಂದು ವರ್ಷವಾದರೂ ತಿಳಿಯಲಿಲ್ಲ.

ಬೇಸಿಗೆ ರಜೆಗೆ ಬಂದಳು. ಶ್ರೀನಿವಾಸಪುರದ ಕಡೆಯ ತವರಿನಿಂದ ನಾಗರತ್ನಳಿಗೆ ಎರಡು ಬುಟ್ಟಿ ಮಾವಿನಹಣ್ಣು ಬಂದಿತ್ತು. ಮಗಳು ಎರಡು ದಿನ ಹಣ್ಣು ತಿಂದಳು, ಮಲಗಿದಳು, ಕರುವಿಗೆ ಮೈ ತೊಳೆದಳು. ಆ ಕರು ಅಷ್ಟರಲ್ಲಿ ಕಡಸಾಗಿ ಬೆಳೆದಿತ್ತು. ಮೂರನೆಯ ದಿನ ಸಂಜೆ, ಸಾಲು ಕರಗಿ, ಹಾಲಿನ ಗಾಡಿಯೂ ಹೋದ ಮೇಲೆ ಡೈರಿಗೆ ಬಂದಳು. ನಾನು ಮಿಷನ್ ತೊಳೆಯುತ್ತಿದ್ದೆ. ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಅಂಕಪಟ್ಟಿ. ಎರಡು ವಿಷಯ ಫೇಲು, ಉಳಿದವು ಅಲ್ಲಿಂದಲ್ಲಿಗೆ. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ. ಅಂಕಗಳು ಹಾಗೇ ಇದ್ದವು.

"ಫ್ಯಾಟ್ ಕಮ್ಮಿ ಬಂದಿದೆ ಅಪ್ಪ," ಎಂದಳು. "ವಾಪಸ್ ಕಳಿಸ್ತೀಯಾ?"

ನಗಿಸಲೆಂದೇ ಹೇಳಿದಳು. ಆದರೆ ತಾನು ನಗಲಿಲ್ಲ. ಯಾರಾದರೂ ಆಡಿಕೊಂಡರೇನಮ್ಮ ಎಂದು ಕೇಳಿದೆ. "ಯಾರೂ ಆಡ್ಕೊಳ್ಳಿಲ್ಲ ಅಪ್ಪ. ಯಾರೂ ಮಾತೇ ಆಡಿಸ್ಲಿಲ್ಲ. ಕ್ಲಾಸಲ್ಲಿ ಅರ್ಥ ಆಗದೆ ಇದ್ರೆ ಕೇಳೋಕೆ ಬಾಯಿ ಬರ್ತಿರಲಿಲ್ಲ. ಇಲ್ಲಾದ್ರೆ ಎದ್ದು ನಿಂತು ಕೇಳ್ತಿದ್ದೆ. ಅಲ್ಲಿ ಹಿಂದಿನ ಬೆಂಚಲ್ಲಿ ಕೂತು ಬರ್ಕೊಂಡೆ, ಅಷ್ಟೇ." ಆಮೇಲೆ ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದಳು. ಆ ವಿಶ್ವವಿದ್ಯಾಲಯ ಬಿಟ್ಟು ಬೇರೆಡೆ ಸೇರಬಹುದು ಎನ್ನುವ ಮೈಗ್ರೇಷನ್ ಸರ್ಟಿಫಿಕೇಟು. ಅಂದರೆ ತೀರ್ಮಾನ ಅಲ್ಲೇ ಆಗಿತ್ತು, ಧೈರ್ಯ ಮಾತ್ರ ಇಲ್ಲಿ ಬಂದಿದ್ದು. ಕೋಲಾರದ ಕಾಲೇಜಿನಲ್ಲಿ ಎರಡನೆಯ ವರ್ಷಕ್ಕೆ ಸೇರಿಸಿಕೊಂಡರೆ, ಬಾಕಿ ಇರುವ ಎರಡು ಪೇಪರು ಬರೆದುಕೊಂಡು ಮನೆಯಿಂದಲೇ ಓಡಾಡುತ್ತೇನೆ ಎಂದಳು. ಸೇರಿಸಿಕೊಳ್ಳದಿದ್ದರೆ? "ಒಂದು ವರ್ಷ ಹೋದಂಗೆ. ಅಲ್ಲಿಗಂತೂ ಹೋಗಲ್ಲ ಅಪ್ಪ, ದಯವಿಟ್ಟು." ನನ್ನ ಮಗಳು ನನ್ನೊಂದಿಗೆ ದಯವಿಟ್ಟು ಎಂಬ ಮಾತನ್ನು ಅದುವರೆಗೆ ಆಡಿದವಳಲ್ಲ. ಅವಳ ತಲೆ ಸವರಿ, ಆಗಲಿ ಬಿಡಮ್ಮ ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಒಳ್ಳೆಯ ತಂದೆ ಎನ್ನಿಸಿಕೊಳ್ಳುತ್ತಿದ್ದೆ.

ಸೋಮವಾರ ಕೋಲಾರಕ್ಕೆ ಹೋದೆವು. ಅರ್ಜಿ ಕೊಡಲು ಶುಕ್ರವಾರ ಕಡೆಯ ದಿನ. ಕಾಲೇಜಿನ ಕಚೇರಿಯಲ್ಲಿದ್ದ ಮೇಡಂ ಕಾಗದಗಳನ್ನೆಲ್ಲ ತಿರುವಿ, "ಸೇರಿಸ್ಕೋಬಹುದು. ಎರಡು ಪೇಪರ್ ಬಾಕಿ ಇರೋರನ್ನ ತಗೊಂಡಿದೀವಿ. ಆದ್ರೆ ಯಾಕೆ ಬಿಟ್ಟು ಬರ್ತಿದೀರ ಅಂತ ಕಾರಣ ಬರೆದು ಪೋಷಕರು ಸಹಿ ಹಾಕ್ಬೇಕು. ಪ್ರಿನ್ಸಿಪಾಲರು ಅದನ್ನ ನೋಡೇ ಒಪ್ಪೋದು" ಎಂದರು. ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತು ಪೆನ್ನು ತೆಗೆದೆ. ಲಾವಣ್ಯ, "ಇದ್ದಿದ್ದು ಇದ್ದಂಗೆ ಬರಿ ಅಪ್ಪ" ಎಂದಳು. ಇದ್ದದ್ದನ್ನು ಇದ್ದಂತೆ ಬರೆಯುವುದಾದರೆ ಅಕ್ಷರ ಕಲಿತವರಿಗೂ ಕಲಿಯದವರಿಗೂ ಏನು ವ್ಯತ್ಯಾಸ? ನಾನು ದುಂಡಗೆ ಬರೆದೆ: 'ತಂದೆಯ ಅನಾರೋಗ್ಯದ ನಿಮಿತ್ತ.' ಮಗಳು ಅದನ್ನು ಓದಿ ನನ್ನ ಮುಖ ನೋಡಿದಳು. ಅವಳ ಮಾನ ಕಾಪಾಡಿದೆ ಎಂದುಕೊಂಡೆ. ಕಾಪಾಡಿದ್ದು ಯಾರ ಮಾನ ಎಂದು ಈಗ ಗೊತ್ತು.

ಮೇಡಂ ಓದಿ, ಮರುಕದಿಂದ "ಅಯ್ಯೋ, ಏನಾಗಿದೆ?" ಎಂದು ಕೇಳಿದರು. ಅದನ್ನು ಯೋಚಿಸಿಕೊಂಡು ಹೋಗಿರಲಿಲ್ಲ. "ಹೀಗೇ, ಒಳಗೊಳಗೆ" ಎಂದೆ. "ಹಾಗಾದ್ರೆ ಡಾಕ್ಟರ ಸರ್ಟಿಫಿಕೇಟ್ ಒಂದು ಲಗತ್ತಿಸಿ ಕೊಡಿ" ಎಂದು ಅರ್ಜಿಯನ್ನು ವಾಪಸ್ ಕೊಟ್ಟರು. ಹಾಲು ವಾಪಸ್ ಕೊಡುವವನ ಕೈಗೆ ಅರ್ಜಿ ವಾಪಸ್ ಬಂತು.

ಮಂಗಳವಾರ ಲಾವಣ್ಯಳನ್ನೂ ಕರೆದುಕೊಂಡು ಮುಳಬಾಗಿಲಿನ ಡಾಕ್ಟರ ಬಳಿ ಹೋದೆ. ಅವರು ರಕ್ತದೊತ್ತಡ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ನಾಲಗೆ ನೋಡಿದರು, ಹೊಟ್ಟೆ ಒತ್ತಿದರು. "ನಿಮಗೇನೂ ಇಲ್ಲ" ಎಂದರು. "ಸರಿಯಾಗಿ ನೋಡಿ ಡಾಕ್ಟ್ರೇ, ಸ್ವಲ್ಪನಾದ್ರೂ ಇರಬೇಕು" ಎಂದೆ. "ನನಗಿಂತ ಗಟ್ಟಿಯಾಗಿದೀರ. ಇಲ್ಲದ ಕಾಯಿಲೆ ನಾನು ಬರ್ಕೊಡಲ್ಲ" ಎಂದರು. ಆರೋಗ್ಯವಾಗಿದ್ದೇನೆಂದು ತಿಳಿದು ಅಷ್ಟೊಂದು ದುಃಖಪಟ್ಟ ಮನುಷ್ಯನನ್ನು ಅವರು ಹಿಂದೆ ನೋಡಿರಲಾರರು. ಮುಖ ಜೋಲು ಹಾಕಿಕೊಂಡು ಹೊರಗೆ ಬಂದರೆ ಬೆಂಚಿನ ಮೇಲೆ ಮುನಿವೆಂಕಟಪ್ಪಣ್ಣ ಮಂಡಿನೋವಿಗೆ ತೋರಿಸಲು ಕುಳಿತಿದ್ದ. ನನ್ನ ಮುಖ ನೋಡಿದ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಲಾವಣ್ಯಳನ್ನು ನೋಡಿದ. ನನಗೇನೋ ದೊಡ್ಡ ಕಾಯಿಲೆ, ಅದಕ್ಕೇ ಮಗಳು ಓದು ಬಿಟ್ಟು ಓಡಿ ಬಂದಿದ್ದಾಳೆಂದು ಆತ ತಾನಾಗಿಯೇ ಅರ್ಥ ಮಾಡಿಕೊಂಡುಬಿಟ್ಟ. ನನ್ನ ಕೈ ಹಿಡಿದು ಅದುಮಿದ.

ಊರ ಬಾಯಿಗೆ ಮುಚ್ಚಳ ಇಲ್ಲ. ಬುಧವಾರ ಬೆಳಿಗ್ಗೆ ಡೈರಿಯ ಬಾಗಿಲು ತೆಗೆದಾಗ ಸಾಲು ಎಂದಿನಂತಿರಲಿಲ್ಲ. ಯಾರೂ ತಳ್ಳಾಡಲಿಲ್ಲ, ಯಾರೂ ಜಗಳವಾಡಲಿಲ್ಲ. ಕ್ಯಾನುಗಳನ್ನು ತಾವೇ ಎತ್ತಿ ಇಟ್ಟರು. ಒಬ್ಬರು ಎಳನೀರು ತಂದಿದ್ದರು, ಇನ್ನೊಬ್ಬರು ದಾಳಿಂಬೆ. ಶ್ರೀನಿವಾಸಪುರದ ಹತ್ತಿರ ಬೇರಿನ ಔಷಧಿ ಕೊಡುವವರಿದ್ದಾರೆ ಎಂದು ಒಬ್ಬಾಕೆ ಹೇಳಿದರೆ, ಬೇರು ಬೇಡ, ಉಪ್ಪು ಬಿಡಿ ಸಾಕು ಎಂದು ಇನ್ನೊಬ್ಬಾಕೆ ಹೇಳಿದಳು. ಹಾಲಿನ ಸಂಘದ ಅಧ್ಯಕ್ಷರು ಮನೆಯಿಂದ ನಡೆದುಕೊಂಡೇ ಬಂದು, "ನೀವು ವಿಶ್ರಾಂತಿ ತಗೊಳ್ಳಿ. ನಮ್ಮ ಅಳಿಯ ಹೇಗೂ ಖಾಲಿ ಇದಾನೆ, ಬೀಗದ ಕೈ ಕೊಟ್ಟಿರಿ" ಎಂದರು. ಎಲ್ಲರ ಕನಿಕರವನ್ನೂ ತಡೆದುಕೊಂಡಿದ್ದೆ, ಇದೊಂದಕ್ಕೆ ನಿಜವಾಗಿಯೂ ಎದೆ ಹೊಡೆದುಕೊಂಡಿತು. ನಾಗರತ್ನ ಮನೆಯಲ್ಲಿ ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡಳು. "ಆ ಡಾಕ್ಟ್ರನ್ನ ಈಗ ಕರೆಸ್ರೀ, ಬಿಪಿ ಸಿಗುತ್ತೆ" ಎಂದಳು.

ಗುರುವಾರ ಬೆಳಿಗ್ಗೆ ಮುನಿವೆಂಕಟಪ್ಪಣ್ಣ ಸಾಲಿನಲ್ಲಿ ನಿಲ್ಲದೆ ನೇರ ಮೇಜಿನ ಬಳಿಗೆ ಬಂದ. ಕೈಯಲ್ಲಿ ಕ್ಯಾನಿರಲಿಲ್ಲ, ಮುಚ್ಚಿದ ಒಂದು ತಂಬಿಗೆ ಇತ್ತು. "ಸೆಕ್ರೆಟ್ರಿ ಸಾರ್, ಇದು ಡೈರಿಗಲ್ಲ, ನಿಮಗೆ. ಕಾಯಿಸ್ಕೊಂಡು ಕುಡೀರಿ," ಎಂದು ಹೇಳಿ, ಬಗ್ಗಿ ನನ್ನ ಕಿವಿಯ ಹತ್ತಿರ ಬಂದ. "ದೇವರಾಣೆ, ಇದಕ್ಕೆ ಒಂದು ತೊಟ್ಟೂ ಹಾಕಿಲ್ಲ." ಆತನ ಕಣ್ಣಲ್ಲಿ ನೀರಿತ್ತು. ಅದುವರೆಗೆ ಒಮ್ಮೆಯೂ ಒಪ್ಪಿಕೊಳ್ಳದ ಸತ್ಯವನ್ನು ಆ ಮುದುಕ ನನ್ನ ಸುಳ್ಳು ಕಾಯಿಲೆಗೆಂದು ಒಪ್ಪಿಕೊಂಡಿದ್ದ. ನನಗೆ ಆ ತಂಬಿಗೆಯನ್ನು ಮುಟ್ಟಲು ಕೈ ಬರಲಿಲ್ಲ. ಅದನ್ನೂ ಕಾಯಿಲೆಯ ಲಕ್ಷಣವೆಂದೇ ಜನ ತಿಳಿದರು.

ನನಗೆ ಚೀಟಿ ಬರೆದುಕೊಡಲೆಂದು ಲಾವಣ್ಯ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಎದ್ದು ನಿಂತಳು.

"ತಾತ, ಅಪ್ಪಂಗೆ ಏನೂ ಆಗಿಲ್ಲ," ಎಂದಳು. ಸಾಲಿನ ಕೊನೆಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದಳು. "ನಾನು ಎರಡು ಸಬ್ಜೆಕ್ಟಲ್ಲಿ ಫೇಲಾಗಿದೀನಿ. ಅಲ್ಲಿ ಇರೋಕೆ ಆಗ್ಲಿಲ್ಲ, ಬಿಟ್ಟು ಬಂದೆ. ಕೋಲಾರದಲ್ಲಿ ಸೇರ್ಕೊಳ್ಳೋಕೆ ಕಾರಣ ಬರೀಬೇಕಿತ್ತು. ಅಪ್ಪ ತನಗೆ ಹುಷಾರಿಲ್ಲ ಅಂತ ಬರೆದ. ಅಷ್ಟೇ."

ಎಷ್ಟೋ ಜನರ ಹಾಲು ವಾಪಸ್ ಕೊಟ್ಟ ಮೇಜಿನ ಹಿಂದೆ ನಾನು ನಿಂತಿದ್ದೆ, ಆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮುನಿವೆಂಕಟಪ್ಪಣ್ಣ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ನನ್ನ ಕಡೆ ತಿರುಗಲೇ ಇಲ್ಲ, ಮಗಳನ್ನೇ ನೋಡಿ ಹೇಳಿದ:

"ಅಂತೇನಾ ತಲ್ಲಿ? ಇಷ್ಟೇನಾ ತಾಯಿ? ನಿಮ್ಮಪ್ಪ ನನ್ನ ಹಾಲು ಎಷ್ಟು ಸಲ ವಾಪಸ್ ಕೊಟ್ಟವ್ನೆ. ನಾನೇನು ಹಸು ಮಾರ್‌ಬುಟ್ನಾ? ಸಾಯಂಕಾಲ ಮತ್ತೆ ಹಾಲು ಕರೆದು ತರ್ಲಿಲ್ವಾ? ಹೋಗು, ಸೇರ್ಕೋ."

ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಲಾವಣ್ಯಳೂ ನಕ್ಕಳು. ಒಂದು ವರ್ಷದಿಂದ ನಾನು ಕೇಳದ ನಗು. ಬೀಗದ ಕೈಗೆಂದು ಮತ್ತೆ ಬಂದಿದ್ದ ಅಧ್ಯಕ್ಷರು ಮಾತ್ರ ಸ್ವಲ್ಪ ನಿರಾಸೆಯಿಂದ, "ಹಾಗಾದ್ರೆ ಬೀಗದ ಕೈ ನೀವೇ ಇಟ್ಕೊಳ್ಳಿ" ಎಂದು ಹೊರಟರು. ಎಳನೀರು, ದಾಳಿಂಬೆ ತಂದವರು ಯಾರೂ ವಾಪಸ್ ಕೇಳಲಿಲ್ಲ.

ಶುಕ್ರವಾರ ಕಾರಣದ ಪತ್ರವನ್ನು ಲಾವಣ್ಯಳೇ ಬರೆದಳು. ಮೊದಲ ವರ್ಷ ಎರಡು ವಿಷಯಗಳಲ್ಲಿ ಅನುತ್ತೀರ್ಣಳಾಗಿದ್ದೇನೆ, ಅಲ್ಲಿ ನನಗೆ ಹೊಂದಿಕೊಳ್ಳಲು ಆಗಲಿಲ್ಲ, ಮನೆಯಿಂದ ಓಡಾಡಿಕೊಂಡು ಓದಿದರೆ ಪಾಸಾಗುತ್ತೇನೆ ಎಂಬ ನಂಬಿಕೆ ಇದೆ ಎಂದು ಬರೆದು, ಕೊನೆಯಲ್ಲಿ 'ನನ್ನ ತಂದೆಯವರು ಆರೋಗ್ಯವಾಗಿದ್ದಾರೆ' ಎಂದು ಸೇರಿಸಿದ್ದಳು. ನಾನು ಸಹಿ ಹಾಕಿದೆ. ಮೇಡಂ ಓದುತ್ತಾ ಬಂದವರು ಕೊನೆಯ ಸಾಲಿಗೆ ನಕ್ಕು, ಪತ್ರವನ್ನು ಒಳಗೆ ತೆಗೆದುಕೊಂಡು ಹೋದರು. ನಾವಿಬ್ಬರೂ ಹೊರಗೆ ಕುಳಿತೆವು. ಆ ಅರ್ಧ ಗಂಟೆ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ. ಮೇಡಂ ಹೊರಗೆ ಬಂದು, "ಪ್ರಿನ್ಸಿಪಾಲರು ಒಪ್ಪಿದಾರೆ. ಎರಡನೇ ವರ್ಷಕ್ಕೇ. ಆ ಎರಡು ಪೇಪರ್ ಬೇಗ ಮುಗಿಸ್ಕೊಳ್ಳಮ್ಮ" ಎಂದರು. ಲಾವಣ್ಯ ನನ್ನ ತೋಳು ಹಿಡಿದುಕೊಂಡಳು. ಬಸ್‌ಸ್ಟ್ಯಾಂಡ್ ತಲುಪುವವರೆಗೂ ಬಿಡಲಿಲ್ಲ.

ಊರಿಗೆ ಬಂದು ಇಳಿದ ಮೇಲೆ ಮುನಿವೆಂಕಟಪ್ಪಣ್ಣನಿಗೆ ಸಿಹಿ ಕೊಡಲು ಇಬ್ಬರೂ ಆತನ ಮನೆಗೆ ಹೋದೆವು. ಆತ ಇರಲಿಲ್ಲ. ಕೊಟ್ಟಿಗೆಯ ಮೇಲೆ ನನ್ನ ಮಗಳಿದ್ದಳು. ಹಳೆಯ ಫ್ಲೆಕ್ಸುಗಳಿಗೆ ನಮ್ಮ ಕಡೆ ಎರಡನೆಯ ಜನ್ಮ ಇರುತ್ತದೆ. ಹುಲ್ಲಿನ ಮೆದೆಗೆ, ರಾಗಿ ರಾಶಿಗೆ, ಕೊಟ್ಟಿಗೆಗೆ ಹೊದಿಕೆಯಾಗುತ್ತವೆ. ಮಳೆಗಾಳಿಗೆ ಅರಳಿಕಟ್ಟೆಯ ಹತ್ತಿರ ಬಿದ್ದಿದ್ದ ಆ ಫ್ಲೆಕ್ಸನ್ನು ಮುದುಕ ಎತ್ತಿಕೊಂಡು ಹೋಗಿ ಸೋರುವ ಕಡೆ ಹೊದಿಸಿದ್ದ. ಅಭಿನಂದನೆಗಳು ಮಾಸಿದ್ದವು. ಹುಡುಗಿಯ ನಗು ಮತ್ತು ಕರುವಿನ ಕಿವಿ ಇನ್ನೂ ಚೆನ್ನಾಗಿಯೇ ಇದ್ದವು. ಇಳಿಸಿಕೊಂಡು ಹೋಗೋಣವೇ ಎಂದು ಕೇಳಿದೆ. "ಬೇಡಪ್ಪ, ಹಸು ನೆನೆಯುತ್ತೆ" ಎಂದಳು. ಆಮೇಲೆ, "ಈ ಫೋಟೊ ನಿನ್ನ ಫೋನಲ್ಲಿ ಬಿಟ್ರೆ ಬೇರೆ ಎಲ್ಲೂ ಇರಲಿಲ್ಲ. ಗ್ರಾಮಸ್ಥರು ಯಾರು ಅಂತ ನಂಗೆ ಹೋಗೋ ದಿನಾನೇ ಗೊತ್ತಿತ್ತು. ಮೊದಲನೇ ಸೆಮಿಸ್ಟರ್ ರಿಸಲ್ಟ್ ಬಂದಾಗ ಹೇಳ್ಬೇಕು ಅಂತಾನೇ ಫೋನ್ ಮಾಡಿದ್ದೆ. ನೀನು ಇಷ್ಟು ದೊಡ್ಡದಾಗಿ ಹಾಕ್ಸಿದೀಯ, ಹೆಂಗೆ ಹೇಳೋದು ಅಂತ, ಊಟ ಆಯ್ತು ಅಂದು ಇಟ್ಬಿಟ್ಟೆ" ಎಂದಳು. ಆಪಾದನೆಯ ದನಿಯೇ ಇರಲಿಲ್ಲ. ತಪ್ಪಾಯ್ತಮ್ಮ ಎಂದೆ. ಮಗಳ ಎದುರು ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು, ಇನ್ನೂ ಮುಂಚೆಯೇ ಹೇಳಿ ಅಭ್ಯಾಸ ಮಾಡಿಕೊಂಡಿರಬೇಕಿತ್ತು ಅನ್ನಿಸಿತು.

ಈಗ ಅವಳು ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮುಳಬಾಗಿಲಿಗೆ ಹೋಗಿ ಅಲ್ಲಿಂದ ಕೋಲಾರದ ಬಸ್ಸು ಹಿಡಿಯುತ್ತಾಳೆ. ಎರಡರಲ್ಲಿ ಒಂದು ಪೇಪರು ಪಾಸಾಗಿದೆ, ಇನ್ನೊಂದಕ್ಕೆ ಓದುತ್ತಿದ್ದಾಳೆ. ಆ ಸುದ್ದಿ ಬಂದ ದಿನ ನನ್ನ ಕಾಲು ಫ್ಲೆಕ್ಸ್ ಅಂಗಡಿಯ ತನಕ ಹೋಗಿತ್ತು ಎಂಬುದನ್ನು ನಿಮ್ಮಲ್ಲಿ ಮಾತ್ರ ಹೇಳುತ್ತಿದ್ದೇನೆ. ಬಾಗಿಲಿನಿಂದಲೇ ವಾಪಸ್ ಬಂದೆ.

ಡೈರಿಯಲ್ಲಿ ನನ್ನ ದನಿ ಸ್ವಲ್ಪ ತಗ್ಗಿದೆ ಎಂದು ಜನ ಹೇಳುತ್ತಾರೆ. ಫ್ಯಾಟು ಕಡಿಮೆ ಬಂದರೆ ಮುಂಚಿನಂತೆ ಜೋರಾಗಿ ಓದುವುದಿಲ್ಲ, ಮಿಷನ್ನನ್ನು ಅವರ ಕಡೆಗೆ ತಿರುಗಿಸಿ ತೋರಿಸುತ್ತೇನೆ. ಮೊನ್ನೆ ಬೆಳಿಗ್ಗೆ ಮುನಿವೆಂಕಟಪ್ಪಣ್ಣನ ಸರದಿ ಬಂತು. ತಂಬಿಗೆಯ ಹಾಲಿಗೆ ಹಾಕಿದ ದೇವರಾಣೆ ಆ ಒಂದು ದಿನಕ್ಕೆ ಮಾತ್ರ ಎಂಬಂತೆ, ಹಾಲು ಹಳೆಯ ದಾರಿ ಹಿಡಿದಿತ್ತು. ನಾನು ಮಿಷನ್ ತಿರುಗಿಸಿ, ಮೆಲ್ಲಗೆ, "ಏನಣ್ಣ ಇದು? ಏನು ಕಾರಣ?" ಎಂದು ಕೇಳಿದೆ.

ಮುದುಕ ನನ್ನನ್ನು ನೋಡಿದ, ಹಿಂದಿದ್ದ ಸಾಲನ್ನು ನೋಡಿದ. ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಹಸುವಿನ ತಂದೆಗೆ ಹುಷಾರಿಲ್ಲ ಸಾರ್," ಎಂದ.

ಸಾಲಿಗೆ ಸಾಲೇ ಕಾಯುತ್ತಿತ್ತು, ನಾನು ಏನು ಹೇಳುತ್ತೇನೆಂದು. ಡಾಕ್ಟರ ಸರ್ಟಿಫಿಕೇಟು ಕೇಳುವ ಅರ್ಹತೆ ನನಗಿರಲಿಲ್ಲ. ಕ್ಯಾನಿನ ಮುಚ್ಚಳ ಹಾಕಿ ಆತನ ಕೈಗೆ ಕೊಟ್ಟು, ಸಾಯಂಕಾಲ ಮತ್ತೆ ತನ್ನಿ ಎಂದೆ.